ಲಕ್ಕದ ಬಾಲಕ್ಕೆ ಗರಿ ಕೂಡಿಸಿದವರು

ಕೊಪ್ಪ, ಪಿರಿಯಾಪಟ್ಟಣ, ಹುಣಸೂರಿನ ಕಡೆಯಾಗಲಿ ಮೈಸೂರಾಗಲಿ, ಚಂದಕ್ಕೆಂದು ಪಾರಿವಾಳ ಸಾಕುವವರು ಮೊದಲು ಆಸೆಪಡುವುದು ಲಕ್ಕಕ್ಕೆ. ಎದೆ ಉಬ್ಬಿಸಿ, ಕತ್ತು ಹಿಂದಕ್ಕೆ ವಾಲಿಸಿ, ಬಾಲ ಬಿಚ್ಚಿ ನಿಂತರೆ ಬೀಸಣಿಗೆಯೇ. ಗುಡಿ ಗೋಪುರದ ಬೂದು ಪಾರಿವಾಳದ ಬಾಲದಲ್ಲಿ 12 ಗರಿ. ಲಕ್ಕಕ್ಕೆ 30, ಕೆಲವಕ್ಕೆ 40. ಹಾರಾಟ ಮಾತ್ರ ಅಷ್ಟಕ್ಕಷ್ಟೆ.

ಈ ಬಾಲ ತಾನಾಗಿ ಬಂದದ್ದಲ್ಲ. ಗರಿ ಒಂದೆರಡು ಹೆಚ್ಚಿದ್ದ ಮರಿಯನ್ನು ಉಳಿಸಿಕೊಂಡು, ಅಂಥದ್ದಕ್ಕೇ ಜೋಡಿ ಹಾಕುತ್ತ ತಲೆಮಾರುಗಟ್ಟಲೆ ಕಾದವರ ಕೆಲಸ. ಅವರ ಹೆಸರು ಯಾರೂ ಬರೆದಿಡಲಿಲ್ಲ. ಅಕ್ಬರನ ಆಸ್ಥಾನದಲ್ಲಿ 20,000 ಪಾರಿವಾಳಗಳಿದ್ದವೆಂದು ಅಬುಲ್ ಫಜಲ್ ಬರೆದಿದ್ದಾನೆ. ಅವನ ಪಟ್ಟಿಯಲ್ಲಿ ಲಕ್ಕವೂ ಇದೆ, ಲೋಟನ್ನೂ ಇದೆ. ಲೋಟನ್ನನ್ನು ಕೊಂಚ ಅಲುಗಿಸಿ ನೆಲಕ್ಕೆ ಬಿಟ್ಟರೆ ಲಾಗ ಹಾಕುತ್ತಲೇ ಹೋಗುತ್ತದೆ, ಯಾರಾದರೂ ಎತ್ತಿಕೊಂಡು ಮುಖಕ್ಕೆ ಉಫ್ ಎನ್ನುವ ತನಕ. ನೋಡುವವರಿಗೆ ಮೋಜು. ನನಗಂತೂ ಹಕ್ಕಿಯ ಪಾಡು ನೋಡಿ ಸಂಕಟ.

ಇಂಥ ನಾಟಿ ತಳಿಗಳ ಸುದ್ದಿ ಡಾರ್ವಿನ್ನನಿಗೆ ಮುಟ್ಟಿಸಿದವನಿಗೆ ಕನ್ನಡನಾಡಿನ ನಂಟಿತ್ತು. 1824ರಲ್ಲಿ ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಕಂಪನಿ ಅಧಿಕಾರಿಗಳಲ್ಲಿ ಒಬ್ಬ, ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಕರ್ನಾಟಕದ ಶಾಸನಗಳ ಬೆನ್ನುಹತ್ತಿ 595 ಪ್ರತಿ ಮಾಡಿಸಿದ. ಶಾಸನದವರು ಅವನನ್ನು ನೆನೆಯುವುದು ಅದಕ್ಕೆ. 1856ರ ಜನವರಿಯಲ್ಲಿ ಡಾರ್ವಿನ್ ಅವನಿಗೆ ಪತ್ರ ಬರೆದು ಸಾಕುಪಾರಿವಾಳಗಳ ಚರ್ಮ ಬೇಕೆಂದ. ಎಲಿಯಟ್ ಮದರಾಸಿನಿಂದ ಕಳಿಸಿದ. ಪಾರಿವಾಳ ಸಾಕಣೆಯ ಪರ್ಷಿಯನ್ ಗ್ರಂಥವೊಂದರ ಅನುವಾದವನ್ನೂ ಒದಗಿಸಿದ. 1859ರ ‘ಆರಿಜಿನ್ ಆಫ್ ಸ್ಪೀಶೀಸ್’ನ ಮೊದಲ ಅಧ್ಯಾಯದಲ್ಲೇ ಅವನಿಗೆ ಕೃತಜ್ಞತೆ ಇದೆ.

ಡಾರ್ವಿನ್ ತಾನೂ ಗೂಡು ಕಟ್ಟಿಸಿ, ಲಂಡನ್ನಿನ ಎರಡು ಪಾರಿವಾಳ ಕ್ಲಬ್ಬು ಸೇರಿದ್ದ. ಅಚ್ಚ ಬಿಳಿ ಲಕ್ಕವನ್ನು ಬಾರ್ಬ್ ಎಂಬ ಅಚ್ಚ ಕಪ್ಪು ತಳಿಗೆ ಕೂಡಿಸಿದ. ಮರಿಗಳು ಕಂದು, ಕಪ್ಪು ಮಚ್ಚೆಯವಾದವು. ಅವನ್ನೇ ಮತ್ತೆ ಜೋಡಿ ಹಾಕಿದಾಗ ಒಂದು ಮೊಮ್ಮರಿ ನೀಲಿಬೂದಿಯಾಗಿ ಹುಟ್ಟಿತು. ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಥೇಟ್ ಗುಡಿ ಗೋಪುರದ ಆ ಬೂದು ಬಂಡೆಪಾರಿವಾಳ. ಪುಸ್ತಕದ ಹಸ್ತಪ್ರತಿ ಓದಿದ ವಿಮರ್ಶಕನೊಬ್ಬ, ಮಿಕ್ಕದ್ದು ಬಿಟ್ಟು ಪಾರಿವಾಳದ ಬಗ್ಗೆಯೇ ಬರೆಯಲಿ, ಎಲ್ಲರಿಗೂ ಅದು ಇಷ್ಟ ಎಂದು ಪ್ರಕಾಶಕರಿಗೆ ಸಲಹೆ ಕೊಟ್ಟನಂತೆ.

ಬಗೆಬಗೆಯ ತಳಿಗಳೆಲ್ಲ ಒಂದೇ ಬಂಡೆಪಾರಿವಾಳದ ಸಂತಾನ ಎಂಬ ಡಾರ್ವಿನ್ನನ ಮಾತನ್ನು ಆ ಕ್ಲಬ್ಬುಗಳ ಸಾಕಣೆಗಾರರು ಮಾತ್ರ ಒಪ್ಪಲಿಲ್ಲ. ಒಂದೊಂದು ತಳಿಗೂ ಮೂಲ ಬೇರೆ ಎಂದೇ ಅವರ ವಾದ.