ನಂದಿ ತಪ್ಪಲಿನಿಂದ ಲಂಕೆಯ ಕಡಲಿಗೆ: ಹಾಯಿದೋಣಿ ಹತ್ತುವ ಮುನ್ನ

ನಮ್ಮದು ಕೆರೆ ಕುಂಟೆಗಳ ಸೀಮೆ. ಗೌರಿಬಿದನೂರನ್ನು ಹಾದು ಹೋಗುವ ಉತ್ತರ ಪಿನಾಕಿನಿ ಆಂಧ್ರಕ್ಕೆ ಇಳಿದು, ನೆಲ್ಲೂರಿನ ಕಡೆ ಬಂಗಾಳಕೊಲ್ಲಿ ಸೇರುತ್ತದೆ. ನಮಗೆ ಆ ಕಡಲು ದೂರವೇ. ಆದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯವರಿಗೆ ಒಂದು ಅನುಕೂಲ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ ನಮಗೆ ಬೆಂಗಳೂರು ಪೇಟೆಗಿಂತ ಹತ್ತಿರ. ಅಲ್ಲಿಂದ ಕೊಲಂಬೊಗೆ ಸುಮಾರು ಒಂದೂವರೆ ಗಂಟೆಯ ಹಾರಾಟ. ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವಷ್ಟು ಹೊತ್ತೂ ಬೇಡ.

ಶ್ರೀಲಂಕಾಕ್ಕೆ ಹೋಗಿ ಬಂದವರು ಈಗ ನಮ್ಮ ಬೀದಿಗಳಲ್ಲೂ ಇದ್ದಾರೆ. ಹೆಚ್ಚಿನವರು ಆ ದೇಶವನ್ನು ವ್ಯಾನಿನ ಕಿಟಕಿಯಿಂದ ನೋಡಿದವರು. ದ್ವೀಪವನ್ನು ಕಡಲಿನ ಕಡೆಯಿಂದ ನೋಡುವುದೇ ಬೇರೆ. ಅದಕ್ಕೆ ಯಾಟ್ ಬೇಕು. ಯಾಟ್ ಅಂದ ಕೂಡಲೇ ಸಿನಿಮಾದ ಶ್ರೀಮಂತರು ಕಣ್ಮುಂದೆ ಬರುತ್ತಾರೆ. ನಿಜ ಅಷ್ಟು ದೂರದ್ದಲ್ಲ. ವಿಹಾರಕ್ಕೆಂದು ಮಾಡಿದ, ಹಾಯಿಯಿಂದಲೋ ಎಂಜಿನ್‌ನಿಂದಲೋ ನಡೆಯುವ ದೋಣಿಗೆ ಯಾಟ್ ಎನ್ನುತ್ತಾರೆ. ಇಡೀ ದೋಣಿಯನ್ನು ಬಾಡಿಗೆಗೆ ಹಿಡಿಯಬಹುದು, ಒಂದು ದಿನಕ್ಕೆ ಒಂದು ಸೀಟನ್ನೂ ಕೊಳ್ಳಬಹುದು.

ಹಾಯಿದೋಣಿಯಲ್ಲಿ ಎರಡು ಬಗೆ. ಒಂದೇ ಒಡಲಿನದ್ದು ಮಾನೊಹಲ್. ಅದರ ತಳದಲ್ಲಿ ಕೀಲ್ ಎಂಬ ಭಾರವಾದ ರೆಕ್ಕೆ ಇರುತ್ತದೆ. ಗಾಳಿಗೆ ದೋಣಿ ವಾಲುತ್ತದೆ, ಆದರೆ ತಳದ ಭಾರ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ತಂಜಾವೂರು ಗೊಂಬೆಯನ್ನು ತಳ್ಳಿದರೂ ಎದ್ದು ಕೂರುತ್ತದಲ್ಲ, ಅದೇ ಲೆಕ್ಕ. ಎರಡನೆಯದು ಕ್ಯಾಟಮರಾನ್. ಎರಡು ಒಡಲು, ನಡುವೆ ಅಗಲವಾದ ಜಗಲಿ. ವಾಲುವುದು ಕಡಿಮೆ, ಮಕ್ಕಳು ವಯಸ್ಸಾದವರು ಇದ್ದರೆ ಇದೇ ಸರಿ. ಹೆಸರು ಕೇಳಿ ಇಂಗ್ಲಿಷ್ ಎಂದುಕೊಳ್ಳಬೇಡಿ. ತಮಿಳಿನ ಕಟ್ಟುಮರಂ ಇಂಗ್ಲಿಷರ ಬಾಯಲ್ಲಿ ಹಾಗಾಯಿತು. ಕಟ್ಟಿದ ಮರ. ನಮಗೂ ಅರ್ಥ ಹೇಳಬೇಕಾಗಿಲ್ಲ.

ಎದುರುಗಾಳಿಗೆ ಹಾಯಿದೋಣಿ ಹೇಗೆ ಹೋಗುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನೇರವಾಗಿ ಹೋಗುವುದಿಲ್ಲ. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಸ್ವಲ್ಪ ದೂರ ಬಲಕ್ಕೆ, ಆಮೇಲೆ ತಿರುಗಿ ಎಡಕ್ಕೆ, ಹೀಗೆ ಹಾವಿನ ಹಾಗೆ ಮುಂದೆ ಸಾಗುತ್ತದೆ. ಇದಕ್ಕೆ ಟ್ಯಾಕಿಂಗ್ ಎಂದು ಹೆಸರು. ನಂದಿ ಬೆಟ್ಟದ ರಸ್ತೆ ನೆನೆಸಿಕೊಳ್ಳಿ. ಬೆಟ್ಟವನ್ನು ನೇರವಾಗಿ ಹತ್ತಲಾಗದೆ ತಿರುವು ತಿರುವಾಗಿ ಏರುತ್ತೇವಲ್ಲ, ಗಾಳಿಯ ಬೆಟ್ಟವನ್ನು ದೋಣಿ ಏರುವುದೂ ಹಾಗೆಯೇ. ಗಾಳಿ ಬಿದ್ದುಹೋದರೆ ಎಂಜಿನ್ ಇದ್ದೇ ಇರುತ್ತದೆ.

ಕಡಲಿಲ್ಲದ ನಾಡಿನವರಿಗೆ ಇದೆಲ್ಲ ಹೇಗೆ ಎಂಬ ಅಳುಕು ಬೇಡ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರ್ ವಿಭಾಗದವರು ಹಾಯಿ ಕಟ್ಟಿ ಪಳಗುತ್ತಾರೆ. ಅದೇ ಎಂಜಿನಿಯರ್ ಪಡೆಯವರು 1985ರಿಂದ 1987ರವರೆಗೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನೇ ಸುತ್ತಿ ಬಂದರು. ಭಾರತದ ಯಾಟ್ ಒಂದು ಹಾಗೆ ಸುತ್ತಿದ್ದು ಅದೇ ಮೊದಲು.

ಇನ್ನು ನಿಜವಾಗಿ ಮುಖ್ಯವಾದ ಮಾತು. ದುಡ್ಡಿನ ಲೆಕ್ಕಕ್ಕಿಂತ ಮೊದಲು ತಿಂಗಳಿನ ಲೆಕ್ಕ ಹಾಕಿ. ನಮ್ಮ ರೈತರು ಆರಿದ್ರೆ, ಮಖೆ, ಚಿತ್ತೆ ಎಂದು ಮಳೆ ಎಣಿಸಿ ರಾಗಿ ಬಿತ್ತುತ್ತಾರೆ. ಕಡಲಿಗೂ ಹಾಗೆಯೇ ಎಣಿಸಬೇಕು. ಶ್ರೀಲಂಕಾಕ್ಕೆ ಎರಡು ಮಾನ್ಸೂನ್. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ದಕ್ಷಿಣ ಮತ್ತು ಪಶ್ಚಿಮ ತೀರಕ್ಕೆ ಬಡಿಯುತ್ತದೆ. ಆಗ ಗಾಲ್, ಮಿರಿಸ್ಸ, ವೆಲಿಗಾಮದ ಕಡಲು ಒರಟು. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿ, ಪಾಸಿಕುಡಾ ಶಾಂತ. ನವೆಂಬರ್‌ನಿಂದ ಈಶಾನ್ಯದ ಗಾಳಿ ಬಂದಾಗ ಪೂರ್ವ ತೀರ ಕೆರಳುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ದಕ್ಷಿಣ ತೀರ ತಣ್ಣಗಿರುತ್ತದೆ.

ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಸಂತೆಯಲ್ಲಿ ಅವರೆಕಾಯಿ ಸೊಗಡು ಹೊಡೆಯುವ ಕಾಲ ದಕ್ಷಿಣಕ್ಕೆ, ಮಾವಿನ ಹಣ್ಣಿನ ಕಾಲ ಪೂರ್ವಕ್ಕೆ. ಮಕ್ಕಳ ಬೇಸಿಗೆ ರಜೆಯಲ್ಲೇ ಹೋಗಬೇಕೆಂದರೆ ಏಪ್ರಿಲ್ ಮೊದಲ ವಾರಗಳಲ್ಲಿ ದಕ್ಷಿಣ, ಮೇ ತಿಂಗಳಲ್ಲಿ ಪೂರ್ವ. ದಸರಾ ರಜೆಯಲ್ಲಿ ಬೇಡ ಎಂದೇ ಹೇಳುತ್ತೇನೆ. ಆಗ ಒಂದು ಗಾಳಿ ಮುಗಿದು ಇನ್ನೊಂದು ಕೂತಿರುವುದಿಲ್ಲ, ಎಲ್ಲಿ ಬೇಕಾದರೂ ಮಧ್ಯಾಹ್ನ ಗುಡುಗು ಮಳೆ. ಜುಲೈನಲ್ಲಿ ಮಿರಿಸ್ಸದ ಟಿಕೆಟ್ ಅಗ್ಗಕ್ಕೆ ಸಿಕ್ಕಿತು ಎಂದು ಯಾರಾದರೂ ಹೇಳಿದರೆ, ಅಗ್ಗಕ್ಕೆ ಕಾರಣ ಗಾಳಿ ಎಂದು ತಿಳಿಯಿರಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ದಕ್ಷಿಣ ತೀರ. ಕೊಲಂಬೊದಿಂದ ಗಾಲ್, ವೆಲಿಗಾಮ ದಾಟಿ ಮಾತರಕ್ಕೆ ಹೋಗುವ ರೈಲು ಬಹುದೂರ ಕಡಲಿನ ಅಂಚಿನಲ್ಲೇ ಓಡುತ್ತದೆ. ನಾನು ದೋಣಿ ಹತ್ತಿದ್ದು ಜನವರಿಯ ಒಂದು ಬೆಳಿಗ್ಗೆ, ವೆಲಿಗಾಮ ಕೊಲ್ಲಿಯಲ್ಲಿ. ಮೊದಲು ಚಪ್ಪಲಿಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿದರು. ಬರಿಗಾಲಿದ್ದರೆ ಒದ್ದೆ ಹಲಗೆಯ ಮೇಲೆ ಜಾರುವುದಿಲ್ಲ. ಸ್ಕಿಪ್ಪರ್, ಅಂದರೆ ದೋಣಿ ನಡೆಸುವವನು, ಲೈಫ್ ಜಾಕೆಟ್ ಹಾಕಿ ತೋರಿಸಿದ. ಕೊಲ್ಲಿಯ ಬಾಯಿಯವರೆಗೆ ಎಂಜಿನ್ನಿನ ಸದ್ದು. ಆಮೇಲೆ ಹಾಯಿಯ ಹಗ್ಗ ಎಳೆಯಲು ನಮ್ಮನ್ನೂ ಕರೆದ. ಸೇದುವ ಬಾವಿಯ ಹಗ್ಗ ಹಿಡಿದ ಕೈಗೆ ಅದು ಹೊಸದಲ್ಲ. ಕೈ ಮೇಲೆ ಕೈ ಇಟ್ಟು ಎಳೆದೆವು. ಬಟ್ಟೆ ಪಟಪಟ ಬಡಿದು, ತುಂಬಿಕೊಂಡು, ಸುಮ್ಮನಾಯಿತು. ಆಗ ಅವನು ಎಂಜಿನ್ ಆರಿಸಿದ. ಆ ಕ್ಷಣ ಕೇಳಿದ್ದು ಒಡಲನ್ನು ಸವರಿ ಹೋಗುವ ನೀರಿನ ಸದ್ದೊಂದೇ. ಅದಕ್ಕಾಗಿಯೇ ನಾನು ಎಲ್ಲರಿಗೂ ಹಾಯಿ ಇರುವ ದೋಣಿಯನ್ನೇ ಹಿಡಿಯಿರಿ ಎನ್ನುವುದು.

ಅಲ್ಲಿಂದ ಪಶ್ಚಿಮಕ್ಕೆ ಗಾಲ್ ಸುಮಾರು 30 ಕಿಲೋಮೀಟರ್. ಕಡಲಿನಲ್ಲಿ ವೇಗವನ್ನು ನಾಟ್ ಎಂದು ಅಳೆಯುತ್ತಾರೆ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. 6 ನಾಟ್ ಹದವಾದ ವೇಗ, ನಮ್ಮ ಸೈಕಲ್ಲಿಗಿಂತ ಹೆಚ್ಚಲ್ಲ. ಹಾಗಾಗಿ ಮೂರು ಗಂಟೆ ಬೇಕು. ದಾರಿಯಲ್ಲಿ ತೆಂಗಿನ ಸಾಲು, ನೀರಿನಲ್ಲಿ ನೆಟ್ಟ ಕೋಲಿನ ಮೇಲೆ ಕೂತು ಗಾಳ ಹಾಕುವ ಬೆಸ್ತರ ಗಳಗಳು, ಕೊನೆಗೆ ಗಾಲ್ ಕೋಟೆ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ್ದನ್ನು ಡಚ್ಚರು ಬಲಪಡಿಸಿದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹೊರಗಿನ ಪೇಟೆ ನೆಲಸಮವಾದರೂ ಕೋಟೆಯ ಒಳಗನ್ನು ಬಹುಮಟ್ಟಿಗೆ ಉಳಿಸಿದ್ದು ಆ ಗೋಡೆಗಳೇ. ಕಡಲಿನಿಂದ ನೋಡಿದಾಗಲೇ ಅವು ಎಷ್ಟು ದಪ್ಪ ಎಂದು ಗೊತ್ತಾಗುವುದು.

ಪೂರ್ವಕ್ಕೆ ಹೋದರೆ ದೊಂಡ್ರ ಭೂಶಿರ, ಲಂಕೆಯ ದಕ್ಷಿಣದ ತುದಿ. ಅದರಾಚೆ ಅಂಟಾರ್ಕ್ಟಿಕಾದವರೆಗೆ ನೆಲವಿಲ್ಲ. ಇಲ್ಲಿ ದಡದಿಂದ ಸ್ವಲ್ಪವೇ ದೂರದಲ್ಲಿ ಕಡಲು ಏಕಾಏಕಿ ಆಳಕ್ಕೆ ಇಳಿಯುತ್ತದೆ. ಆ ಆಳದಲ್ಲಿ ಮೇವು ಹುಡುಕಿ ನೀಲಿ ತಿಮಿಂಗಿಲಗಳು ಬರುತ್ತವೆ. ಮಿರಿಸ್ಸದ ಮೀನುಗಾರಿಕೆ ಬಂದರಿನಿಂದ ಬೆಳಗಿನ ಜಾವ ದೋಣಿಗಳು ಹೊರಡುತ್ತವೆ. ತಿಮಿಂಗಿಲಕ್ಕೆ ನೂರು ಮೀಟರಿಗಿಂತ ಹತ್ತಿರ ಹೋಗಬಾರದು ಎಂಬ ನಿಯಮವಿದೆ. ಅದನ್ನು ಪಾಲಿಸುವ ದೋಣಿಯನ್ನೇ ಆರಿಸಿ. ಆ ಪ್ರಾಣಿಗಳಿಗೆ ದೊಡ್ಡ ಹಡಗುಗಳ ಕಾಟವೇ ಸಾಕಷ್ಟಿದೆ.

ಪೂರ್ವ ತೀರದಲ್ಲಿ ಟ್ರಿಂಕೋಮಲಿಯ ಸ್ವಾಭಾವಿಕ ಬಂದರು, ಬಂಡೆಯ ನೆತ್ತಿಯ ಮೇಲೆ ಕೋಣೇಶ್ವರ ದೇವಸ್ಥಾನ. ನೀರಿನಿಂದ ಕೈಮುಗಿದರೆ ದೇವಸ್ಥಾನ ಆಕಾಶದಲ್ಲಿದ್ದ ಹಾಗೆ ಕಾಣುತ್ತದೆ. ಅಲ್ಲಿ ತಮಿಳು ನಡೆಯುತ್ತದೆ, ನಮ್ಮವರಿಗೆ ಅದೊಂದು ಸಲೀಸು.

ಖರ್ಚಿನ ವಿಷಯ. ಪಾಸ್‌ಪೋರ್ಟ್ ಇಲ್ಲದಿದ್ದರೆ, ದೊಡ್ಡವರಿಗೆ 36 ಪುಟದ ಸಾಮಾನ್ಯ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ. ಲಂಕೆಯ ಪ್ರವೇಶಕ್ಕೆ ಇಟಿಎ ಎಂಬ ಆನ್‌ಲೈನ್ ಅನುಮತಿ ಇದೆ. ಅದರ ಶುಲ್ಕದ ನಿಯಮ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿದೆ. ಆ ದೇಶದ ವಲಸೆ ಇಲಾಖೆಯ ಸರ್ಕಾರಿ ಜಾಲತಾಣದಲ್ಲೇ ನೋಡಿ ಅರ್ಜಿ ಹಾಕಿ, ಹೆಚ್ಚು ದುಡ್ಡು ಕೇಳುವ ಮಧ್ಯವರ್ತಿ ತಾಣಗಳಲ್ಲಿ ಬೇಡ. ತಿಮಿಂಗಿಲ ನೋಡುವ ದೋಣಿಗೆ ತಲೆಗೆ 50 ಡಾಲರ್ ಆಸುಪಾಸು. ಹಾಯಿದೋಣಿಯ ಸೀಟಿಗೆ ಇದಕ್ಕಿಂತ ಹೆಚ್ಚು.

ಇಡೀ ದೋಣಿ ಹಿಡಿಯುವ ಲೆಕ್ಕ, ತಿರುಪತಿಗೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವ ಲೆಕ್ಕವೇ. ಗಾಡಿ ಬಾಡಿಗೆ, ಡ್ರೈವರ್ ಬಾಟಾ, ಡೀಸೆಲ್, ಟೋಲ್ ಎಂದು ಕೇಳುತ್ತೀರಲ್ಲ, ಇಲ್ಲೂ ದೋಣಿಯ ಬಾಡಿಗೆ, ಸ್ಕಿಪ್ಪರ್ ಮತ್ತು ಕೆಲಸದವರ ಕೂಲಿ, ಇಂಧನ, ಊಟ, ಬಂದರಿನ ಶುಲ್ಕ ಬೇರೆ ಬೇರೆ ಕೇಳಿ. ಕೆಲವರು ಎಪಿಎ ಎಂದು ಬಾಡಿಗೆಯ ಕಾಲು ಭಾಗದಷ್ಟು ಮುಂಗಡ ಪಡೆಯುತ್ತಾರೆ. ಅದು ಇಂಧನ, ಊಟದ ಹಣ. ಕೊನೆಗೆ ಲೆಕ್ಕ ಕೊಟ್ಟು ಉಳಿದದ್ದನ್ನು ಹಿಂದಿರುಗಿಸಬೇಕು. ಆರೆಂಟು ಜನ ಹಂಚಿಕೊಂಡರೆ ತಲೆಗೆ ಬೀಳುವುದು ಇಳಿಯುತ್ತದೆ. ಬೇರ್‌ಬೋಟ್ ಎಂಬ ಮಾತು ಕಿವಿಗೆ ಬಿದ್ದರೆ ಹುಷಾರು. ಸ್ಕಿಪ್ಪರ್ ಇಲ್ಲದೆ ಬರೀ ದೋಣಿ ಕೊಡುವುದು ಅದು. ಹಾಯಿ ಕಲಿತು ಸರ್ಟಿಫಿಕೇಟ್ ಪಡೆದವರಿಗೆ ಮಾತ್ರ. ಇಲ್ಲಿಂದಲೇ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆಯನ್ನೂ ಸೇರಿಸಿ ವಸೂಲಿ ಮಾಡುತ್ತಾರೆ. ರಸೀದಿ ಇಟ್ಟುಕೊಳ್ಳಿ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ವಿಮಾನವೇ ಬೇಡ ಎನ್ನುವವರಿಗೆ ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ ಪ್ರಯಾಣಿಕರ ಹಡಗು 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಸುಮಾರು ನಾಲ್ಕು ಗಂಟೆಯ ದಾರಿ. ಈಶಾನ್ಯ ಗಾಳಿಯ ತಿಂಗಳುಗಳಲ್ಲಿ ನಿಲ್ಲುತ್ತದೆ, ಕೇಳಿಕೊಂಡೇ ಹೊರಡಿ.

ಈಜು ಬಾರದವರು ಹೋಗಬಹುದೆ? ಹೋಗಬಹುದು, ಜಾಕೆಟ್ ಬಿಚ್ಚಬಾರದು ಅಷ್ಟೆ. ಮಕ್ಕಳ ಜಾಕೆಟ್ಟಿಗೆ ತೊಡೆಯ ನಡುವೆ ಹಾಯುವ ಪಟ್ಟಿ ಇರಬೇಕು. ಅದಿಲ್ಲದಿದ್ದರೆ ನೀರಿಗೆ ಬಿದ್ದ ಮಗು ಕೆಳಗೆ, ಜಾಕೆಟ್ ಮೇಲೆ. ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು, ಬೇರೆ ಕೇಳಿ. ಕೊಡುವುದಿಲ್ಲ ಎಂದರೆ ದೋಣಿ ಹತ್ತಬೇಡಿ.

ವಾಂತಿ ಬಂದರೆ? ಕಿವಿಯ ಒಳಗಿನ ಸಮತೋಲನದ ಅಂಗ ಅಲುಗಾಟ ಎನ್ನುತ್ತದೆ, ಕಣ್ಣು ದೋಣಿಯ ಒಳಗಿನ ಕೋಣೆ ನಿಂತಿದೆ ಎನ್ನುತ್ತದೆ. ಆ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಕೋಣೆಯಲ್ಲಿ ಕೂರಬೇಡಿ, ಮೊಬೈಲ್ ನೋಡಬೇಡಿ. ದೋಣಿಯ ನಡುವೆ ಕೂತು ದಿಗಂತ ನೋಡಿ. ಎರಡು ಇಡ್ಲಿ ತಿಂದು ಹೊರಡಿ, ಖಾಲಿ ಹೊಟ್ಟೆ ಇನ್ನೂ ಕೆಟ್ಟದು. ಮಾತ್ರೆ ಬೇಕಿದ್ದರೆ ವೈದ್ಯರನ್ನು ಕೇಳಿ, ದೋಣಿ ಹತ್ತುವ ಮುಂಚೆಯೇ ತೆಗೆದುಕೊಳ್ಳಿ. ಸಸ್ಯಾಹಾರಿಗಳಿಗೆ ಒಂದು ಮಾತು: ಅಲ್ಲಿನ ತೆಂಗಿನಕಾಯಿ ಚಟ್ನಿಗೆ, ತರಕಾರಿ ಪಲ್ಯಕ್ಕೂ ಒಣಮೀನಿನ ಪುಡಿ ಬೆರೆಸುವುದುಂಟು. ಮೊದಲೇ ಹೇಳಿ.

ಧೈರ್ಯ ಬರಲಿಲ್ಲವೆ? ಮೊದಲು ಮಲ್ಪೆಗೆ ಹೋಗಿ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಅರ್ಧ ಗಂಟೆಯ ದೋಣಿ. ಮಳೆಗಾಲದಲ್ಲಿ ಮಾತ್ರ ಇಲ್ಲ. ಅಲ್ಲಿನ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಳಚಿಕೊಳ್ಳುವಾಗ ಹರಿದ ಲಾವಾ. ಅಲೆಯ ಮೇಲೆ ನಿಮ್ಮ ಹೊಟ್ಟೆ ಹೇಗಿರುತ್ತದೆ ಎಂದು ಆ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ಅದು ಸರಿಹೋದರೆ ಪಾಸ್‌ಪೋರ್ಟ್ ತೆಗೆದು ನೋಡಿ. ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಅಷ್ಟಿಲ್ಲದೆ, ಸಂಕ್ರಾಂತಿ ಆದ ಮೇಲೆ ಗಾಲ್ ತೀರಕ್ಕೆ ಹೋಗುವ ಮನಸ್ಸಿದ್ದರೆ, ಗಣೇಶನ ಹಬ್ಬದ ಹೊತ್ತಿಗೆ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಬಿಡಿ.