ಬೀದಿಗೆ ಬಂದ ಬಣ್ಣದ ಹಸುಗಳು

ಅಮೆರಿಕದ ಷಿಕಾಗೋ ನಗರದಲ್ಲಿ 1865ರಿಂದ 1971ರವರೆಗೆ 'ಯೂನಿಯನ್ ಸ್ಟಾಕ್ ಯಾರ್ಡ್ಸ್' ಎಂಬ ಭಾರಿ ದನದ ಸಂತೆಯಿತ್ತು. ರೈಲಿನಲ್ಲಿ ಬಂದಿಳಿಯುತ್ತಿದ್ದ ದನಗಳ ಮುಂದಿನ ದಾರಿ ಹೆಚ್ಚಾಗಿ ಕಸಾಯಿಖಾನೆಗೆ. ಅದೇ ಊರಿನ ಬೀದಿಗಳಲ್ಲಿ 1999ರ ಬೇಸಿಗೆಯಲ್ಲಿ ಮುನ್ನೂರಕ್ಕೂ ಹೆಚ್ಚು ಹಸುಗಳು ಬಂದು ನಿಂತವು. ಇವಕ್ಕೆ ಹುಲ್ಲೂ ಬೇಡ, ನೀರೂ ಬೇಡ!

ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ ಪ್ರಯೋಗವೇ ಇದಕ್ಕೆ ಪ್ರೇರಣೆ. ಶಿಲ್ಪಿ ಪಾಸ್ಕಲ್ ನ್ಯಾಪ್ ರೂಪಿಸಿದ್ದು ಮೂರೇ ಮಾದರಿ: ನಿಂತ ಹಸು, ಮೇಯುವ ಹಸು, ಮಲಗಿದ ಹಸು. ವಸ್ತು ಫೈಬರ್‌ಗ್ಲಾಸ್. ಗಾಜಿನ ನವಿರಾದ ಎಳೆಗಳನ್ನು ದ್ರವರೂಪದ ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ಹಾಸಿದರೆ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ. ಎಳೆ ಬಲ ಕೊಡುತ್ತದೆ, ರಾಳ ಹಿಡಿದಿಡುತ್ತದೆ. ಒಳಗೆ ಟೊಳ್ಳು, ತೂಕವೂ ಕಡಿಮೆ. ಮಳೆ ಬಿಸಿಲಿಗೂ ಸುಲಭವಾಗಿ ಜಗ್ಗುವುದಿಲ್ಲ.

ಉಳಿದದ್ದು ಸ್ಥಳೀಯ ಕಲಾವಿದರ ಪಾಲು. ಖರ್ಚಿಗೆ ವ್ಯಾಪಾರಿಗಳು, ಸಂಸ್ಥೆಗಳು ಕೈಜೋಡಿಸಿದರು. ಕೆಲವರು ಬಣ್ಣ ಬಳಿದರು, ಕೆಲವರು ಹೊಳೆಯುವ ಚೂರುಗಳನ್ನು ಅಂಟಿಸಿದರು.

ಒಂದೇ ಅಚ್ಚಿನ ಬೊಂಬೆಯನ್ನು ಸಿಂಗರಿಸಿದರೆ ಅದು ಶಿಲ್ಪವೇ ಎಂದು ಮೂಗು ಮುರಿಯಬಹುದು. ಆದರೆ ಇಡೀ ತರಗತಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟಾಗ ಉತ್ತರಗಳೆಲ್ಲ ಒಂದೇ ಆಗಿರುತ್ತವೆಯೇ? (ಆಗಿದ್ದರೆ ಮೇಲ್ವಿಚಾರಕರನ್ನು ವಿಚಾರಿಸಬೇಕಾದೀತು!) ಕಲಾಮಂದಿರದ ಮೆಟ್ಟಿಲನ್ನೇ ಹತ್ತದವರೂ ಇಲ್ಲಿ ಕೆಲಸಕ್ಕೆ ಹೋಗುವ ದಾರಿಯಲ್ಲೇ ನಿಂತು ಕಲೆಯನ್ನು ನೋಡಿದರು, ಮಕ್ಕಳು ಮುಟ್ಟಿಯೂ ನೋಡಿದರು.

ಕೊನೆಗೆ ಹಲವು ಹಸುಗಳನ್ನು ಹರಾಜು ಹಾಕಲಾಯಿತು. ಬಂದ ಹಣ 30 ಲಕ್ಷ ಡಾಲರಿಗೂ ಹೆಚ್ಚು. ಅದು ಸೇರಿದ್ದು ಧರ್ಮಕಾರ್ಯಗಳಿಗೆ.