ಕ್ಯಾಮೆರಾ ಬೇಡ ಎನ್ನುವ ಅಮ್ಮನಿಗೆ

‘ಹರಿಹರದ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಕ್ಯಾಮೆರಾ ಹಾಕಿಸುತ್ತೇನೆ ಎಂದರೆ ಬೇಡವೇ ಬೇಡ ಅನ್ನುತ್ತಾರೆ. ಬೇರೆ ದಾರಿ ಇದೆಯೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಅಮ್ಮ ಹೇಳುವುದೇ ಸರಿ. ಮೆಟ್ಟಿಲಿಗೆ ಕಾಲಿಟ್ಟೊಡನೆ ದೀಪ ಹೊತ್ತಿಸುವ ಪಿಐಆರ್ ಸೆನ್ಸರ್ ಇದೆಯಲ್ಲ, ಅಂಥವು ಮೂರ್ನಾಲ್ಕು ಸಾಕು.

ನಮ್ಮ ಮೈ ಸದಾ ಅವಕೆಂಪು ಕಿರಣ ಸೂಸುತ್ತಿರುತ್ತದೆ. ಕೆಲವು ಹರಳುಗಳ ಬಿಸಿ ಏರಿಳಿದರೆ ಅವುಗಳ ಮೇಲೆ ವಿದ್ಯುದಾವೇಶ ಮೂಡುತ್ತದೆ. 1824ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಈ ಗುಣಕ್ಕೆ ಪೈರೋಎಲೆಕ್ಟ್ರಿಸಿಟಿ ಎಂದು ಹೆಸರಿಟ್ಟರು. ಸೆನ್ಸರಿನೊಳಗೆ ಇಂಥ ಎರಡು ತುಣುಕುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಕೋಣೆಯೆಲ್ಲ ಒಟ್ಟಿಗೆ ಕಾದರೆ ಎರಡೂ ಪರಸ್ಪರ ವಜಾ ಆಗುತ್ತವೆ. ಅಮ್ಮ ನಡೆದುಹೋದರೆ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ಶಾಖ ತಟ್ಟಿ ಸಂಕೇತ ಹುಟ್ಟುತ್ತದೆ. ಮುಖ, ಮಾತು, ಬಟ್ಟೆ ಯಾವುದೂ ಅದಕ್ಕೆ ತಿಳಿಯದು. ಅಲುಗಾಡದೆ ಕೂತವರೂ ಕಾಣರು. ದಾವಣಗೆರೆ ಸೀಮೆಯ ಏಪ್ರಿಲ್ ಮಧ್ಯಾಹ್ನ ಗೋಡೆಯ ಬಿಸಿ ಮೈಬಿಸಿಯ ಹತ್ತಿರ ಬಂದಾಗಂತೂ ಅದು ಮಂಕಾಗುತ್ತದೆ. ಬಿಸಿಲು ಕಾಣದ ಒಳಗೋಡೆಗೇ ಹಾಕಿಸಿ.

ಇಷ್ಟರಿಂದ ಏನು ತಿಳಿದೀತು? ನಮ್ಮ ಓಣಿಗಳಲ್ಲಿ ಬೆಳಿಗ್ಗೆ ಏಳಾದರೂ ಎದುರುಮನೆಯ ಮುಂದೆ ನೀರು ಬೀಳದಿದ್ದರೆ, ರಂಗೋಲಿ ಕಾಣದಿದ್ದರೆ, ‘ಯಾಕಮ್ಮಾ, ಆರಾಮಿದೀರೇನ್ರೀ?’ ಎಂದು ಯಾರಾದರೂ ಬಾಗಿಲು ಬಡಿಯುತ್ತಾರೆ. ಹಾಗೆ ಬಡಿದವರು ಒಳಗೆ ಇಣುಕಿದವರಲ್ಲ. ದಿನವೂ ಆಗುವುದು ಇಂದು ಆಗಲಿಲ್ಲ ಎಂಬುದೊಂದೇ ಅವರನ್ನು ಎಬ್ಬಿಸಿತು. ಸೆನ್ಸರಿನ ತಂತ್ರಾಂಶ ಮಾಡುವುದೂ ಇದನ್ನೇ. ಅಡುಗೆಮನೆಯಲ್ಲಿ ಎಷ್ಟು ಹೊತ್ತಿಗೆ ಓಡಾಟ, ಬಚ್ಚಲಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯಿತು ಎಂದು ಕೆಲವು ವಾರ ಗಮನಿಸಿ, ರೂಢಿ ತಪ್ಪಿದ ದಿನ ಸುದ್ದಿ ಮುಟ್ಟಿಸುತ್ತದೆ. ಜಪಾನಿನ ಜೋಜಿರುಶಿ ಕಂಪನಿ 2001ರಲ್ಲೇ ಬಿಸಿನೀರಿನ ಪಾತ್ರೆಯೊಂದಕ್ಕೆ ಈ ಕೆಲಸ ಕಲಿಸಿತ್ತು: ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡರೆ ಮಕ್ಕಳಿಗೆ ಸಂದೇಶ ಹೋಗುತ್ತಿತ್ತು.

ಯಾವ ಚಟುವಟಿಕೆ ಗಮನಿಸಬೇಕು ಎಂಬುದಕ್ಕೆ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ 1963ರಲ್ಲಿ ಪ್ರಕಟಿಸಿದ ಅಳತೆಗೋಲು ಇಂದಿಗೂ ಆಧಾರ. ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ: ಈ ಆರರಲ್ಲಿ ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ, ಕೊನೆಗೆ ಊಟ. ಹಾಗಾಗಿ ಬಚ್ಚಲಬಾಗಿಲಿನ ಸೆನ್ಸರಿಗೇ ನನ್ನ ಮೊದಲ ಮತ. ರಾತ್ರಿ ಒಮ್ಮೆ ಏಳುತ್ತಿದ್ದವರು ನಾಲ್ಕು ಸಲ ಏಳತೊಡಗಿದರೆ ಮೂತ್ರದ ಸೋಂಕೋ ಸಕ್ಕರೆಯ ಏರಿಕೆಯೋ ಇರಬಹುದು, ಡಾಕ್ಟರಿಗೆ ತೋರಿಸಿ.

ಬೀಳುವುದನ್ನು ಎಐ ಮುಂಚೆಯೇ ಹೇಳಿಬಿಡುತ್ತದೆ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ. ಬಿದ್ದದ್ದನ್ನು ಗುರುತಿಸುವ ಕೈಗಡಿಯಾರವನ್ನೂ ಹಿರಿಯರು ಸ್ನಾನಕ್ಕೆ ಹೋಗುವಾಗಲೇ ಬಿಚ್ಚಿಡುತ್ತಾರೆ. ಕಾಲು ಜಾರುವುದು ಅಲ್ಲೇ. ಕರೆಂಟು ಹೋದರೆ ವೈಫೈಯೂ ನಿಲ್ಲುತ್ತದೆ, ರೂಟರಿಗೊಂದು ಬ್ಯಾಟರಿ ಬೇಕು. ಇದೆಲ್ಲ ಸರಿಯಿದ್ದರೂ ಎಚ್ಚರಿಕೆ ಬರುವುದು 250 ಕಿಲೋಮೀಟರಿಗೂ ದೂರದ ನಿಮ್ಮ ಮೊಬೈಲಿಗೆ. ಆದ್ದರಿಂದ ಮೊದಲು ಅಮ್ಮನ ಒಪ್ಪಿಗೆ ಕೇಳಿ, ಮನೆಯ ಇನ್ನೊಂದು ಬೀಗದಕೈ ಪಕ್ಕದ ಮನೆಯವರಿಗೆ ಕೊಡಿ. ಆಂಬುಲೆನ್ಸಿನ 108, ಹಿರಿಯರ ಸಹಾಯವಾಣಿ 14567 ಎರಡನ್ನೂ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಸೆನ್ಸರ್ ಖರೀದಿ ಆಮೇಲೆ.